ನಾಲ್ಕು ಬೆರಳಿನ ತಕರಾರು

ನಮ್ಮ ಭಾವನವರು ಅರುವತ್ತೆರಡು ವರ್ಷದ ಬಾಳಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದಾರೆ. ಅದನ್ನೂ ಬರೇ ಬಾಯಲ್ಲಿ ಹೇಳಿದ್ದಲ್ಲ. ಕಾಗದದ ಮೇಲೆ, ಸ್ಕೇಲು ಹಿಡಿದು, ಉತ್ತರ ದಿಕ್ಕಿಗೆ ಬಾಣ ಬರೆದು, ಕೆಳಗೆ ರುಜು ಹಾಕಿ ಹೇಳಿದ್ದಾರೆ. ಸಾಕ್ಷಿಯ ಜಾಗದಲ್ಲಿರುವ ರುಜು ನನ್ನದು. ಆದ್ದರಿಂದ ಮುಂದೆ ನಾನು ಹೇಳುವುದನ್ನು ನೀವು ನಂಬಬಹುದು. ಅದೇ ಕಾರಣಕ್ಕೆ ನಂಬದೆಯೂ ಇರಬಹುದು.

ಇದನ್ನು ಅವರೇ ಓದಿಬಿಟ್ಟರೆ? ಆ ಭಯ ನನಗಿಲ್ಲ. ಪತ್ರಿಕೆಯಲ್ಲಿ ಅವರು ಓದುವುದು ಎರಡೇ: ಸರಕಾರಿ ಪ್ರಕಟಣೆ ಮತ್ತು ಮರಣ ವಾರ್ತೆ. ಲಲಿತ ಪ್ರಬಂಧ ಮೊದಲನೆಯದಕ್ಕೆ ಸೇರುವುದಿಲ್ಲ. ನನ್ನವು ಎರಡನೆಯದಕ್ಕೆ ಸ್ವಲ್ಪ ಹತ್ತಿರ ಎಂದು ಅಕ್ಕ ಹೇಳುತ್ತಾಳೆ.

ಭಾವನವರು ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಜಮೀನು ಅಳೆದವರು. ಭೂಮಿಯನ್ನು ನಾವೆಲ್ಲ ತಾಯಿ ಎನ್ನುತ್ತೇವೆ. ಅವರಿಗೆ ಅದು ಅಳತೆ ಬಾಕಿ ಇರುವ ಜಾಗ. ಅಕ್ಕನನ್ನು ನೋಡಲು ಬಂದ ದಿನ ಅವರ ಕಡೆಯವರೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ, ಇವರು ನಮ್ಮ ಚಾವಡಿಯ ಮೂಲೆಯನ್ನು ನೋಡುತ್ತಿದ್ದರು. ಅಪ್ಪ ಅಳುಕುತ್ತಲೇ ಅಭಿಪ್ರಾಯ ಕೇಳಿದಾಗ ಬಂದ ಉತ್ತರ ಇದು: “ಹುಡುಗಿ ಸರಿ ಇದ್ದಾರೆ. ಪಡು ದಿಕ್ಕಿನ ಗೋಡೆ ಎರಡು ಬೆರಳು ವಾಲಿದೆ.”

ಮದುವೆಯಾದ ಎರಡನೆಯ ವರ್ಷ ನಮ್ಮ ಅಪ್ಪನಿಗೂ ನೆರೆಮನೆಯವರಿಗೂ ಬೇಲಿಯ ತಕರಾರು ಎದ್ದಿತು. ಅಳಿಯನೇ ಸರ್ವೆಯರ್ ಆಗಿರುವಾಗ ಹೆದರಿಕೆ ಯಾಕೆ ಎಂದು ಅಪ್ಪ ಮೀಸೆ ತಿರುವಿಕೊಂಡು ಹೇಳಿ ಕಳಿಸಿದರು. ಅಳಿಯ ಬಂದರು, ಸರಪಳಿ ಎಳೆದರು, ನಮ್ಮ ಮೂರು ತೆಂಗಿನಮರಗಳನ್ನು ನೆರೆಯವರ ಕಡೆಗೆ ಹಾಕಿ ಕಲ್ಲು ನೆಡಿಸಿದರು, ಕೈ ತೊಳೆದು ಊಟಕ್ಕೆ ನಮ್ಮಲ್ಲೇ ಕುಳಿತರು. ಆ ಮಧ್ಯಾಹ್ನದಿಂದ ಅಪ್ಪ ಅಳಿಯನ ಜೊತೆ ಆರು ವರ್ಷ ಮಾತು ಬಿಟ್ಟರು. ಅದು ಭಾವನವರ ಗಮನಕ್ಕೆ ಬಂದದ್ದು ನಾಲ್ಕನೆಯ ವರ್ಷದಲ್ಲಿ.

ಇಲಾಖೆಯಲ್ಲೂ ಇದೇ ಕತೆ. ಒಬ್ಬ ದೊಡ್ಡ ಮನುಷ್ಯರು ತಮ್ಮ ಬಾವಿಯನ್ನು ಒಳಗೆ ಸೇರಿಸಿಕೊಳ್ಳುವಂತೆ ನಕ್ಷೆಯ ಗೆರೆಯನ್ನು ಸ್ವಲ್ಪ ಬಗ್ಗಿಸಿ ಎಂದು ಕೇಳಿದರಂತೆ. “ಗೆರೆ ಬಗ್ಗುವುದಿಲ್ಲ, ಬಾವಿಯನ್ನೇ ಈಚೆ ತನ್ನಿ” ಎಂದರಂತೆ ಇವರು. ಬಾವಿ ಅಲ್ಲೇ ಉಳಿಯಿತು, ಇವರನ್ನು ಆಚೆ ಕಳಿಸಿದರು. ಹೀಗೆ ಹತ್ತು ವರ್ಗಾವಣೆ. ಬರೆದ ಅಳತೆಯನ್ನು ತಿದ್ದಿದವರಲ್ಲ, ಬರೆದದ್ದರ ಮೇಲೆ ಇನ್ನೊಂದು ಅಂಕೆ ಮೂಡಿಸಿದವರಲ್ಲ. “ಗೀಚು ಇರುವ ನಕ್ಷೆ ನಕ್ಷೆಯೇ ಅಲ್ಲ, ಅದು ಚಿತ್ರ” ಎನ್ನುವುದು ಅವರ ಸಿದ್ಧಾಂತ.

ಇಂಥವರಿಗೆ ಮದುವೆಯಾಗಿ ಹದಿಮೂರು ವರ್ಷದ ಮೇಲೆ ಒಬ್ಬ ಮಗಳು ಹುಟ್ಟಿದಳು. ಹೆಸರು ಪ್ರಾಪ್ತಿ. ಎತ್ತರ ಐದು ಅಡಿ ಒಂಬತ್ತೂಕಾಲು ಇಂಚು. ಆ ಕಾಲು ಇಂಚನ್ನು ಬಿಟ್ಟು ಹೇಳಿದರೆ ಭಾವನವರಿಗೆ ಸಿಟ್ಟು ಬರುತ್ತದೆ. ಬಂಟ್ವಾಳದ ಕಡೆಯ ಒಂದು ಕಾಲೇಜಿಗೆ ಸೇರಿದ ವರ್ಷವೇ ಅಲ್ಲಿನ ವ್ಯಾಯಾಮ ಮೇಸ್ಟ್ರ ಕಣ್ಣಿಗೆ ಬಿದ್ದು ಬಾಸ್ಕೆಟ್‌ಬಾಲ್ ತಂಡಕ್ಕೆ ಬಂದಳು. ಮಗಳ ಆಟ ನೋಡಲು ಮೊದಲ ಸಲ ಹೋದ ಭಾವನವರು ಚೆಂಡನ್ನು ನೋಡಲಿಲ್ಲ, ಬುಟ್ಟಿಯನ್ನು ನೋಡಲಿಲ್ಲ, ಅಂಕಣದ ಸುತ್ತ ಒಂದು ಪ್ರದಕ್ಷಿಣೆ ಬಂದರು. “ಇಷ್ಟು ಸ್ಪಷ್ಟವಾಗಿ ಗಡಿ ಹಾಕಿದ ಜಾಗ ಈ ತಾಲೂಕಿನಲ್ಲಿ ಇನ್ನೊಂದು ಇಲ್ಲ” ಎಂದು ನನಗೆ ಹೇಳಿ ಇನ್ನೊಂದು ಪ್ರದಕ್ಷಿಣೆಗೆ ಹೊರಟರು. ಅಂದಿನಿಂದ ಒಂದು ಪಂದ್ಯವನ್ನೂ ಅವರು ತಪ್ಪಿಸಿಲ್ಲ.

ಈಗ ಆ ಪಂದ್ಯಕ್ಕೆ ಬರುತ್ತೇನೆ. ಅಂತರ ಕಾಲೇಜು ಟೂರ್ನಮೆಂಟಿನ ಫೈನಲ್, ಮೂಡಬಿದಿರೆಯಲ್ಲಿ. ಎದುರಾಳಿ ಬೆಳ್ತಂಗಡಿ ಕಡೆಯ ತಂಡ. ಸಿಮೆಂಟಿನ ಅಂಕಣ, ಆಟಕ್ಕೆಂದೇ ಹೊಸದಾಗಿ ಎಳೆದ ಬಿಳಿ ಗೆರೆಗಳು, ಸಂಜೆಯ ಬಿಸಿಲು. ಕೊನೆಗೆ ನಾಲ್ಕು ಸೆಕೆಂಡು ಉಳಿದಾಗ ಅವರದು ನಲುವತ್ತೇಳು, ನಮ್ಮದು ನಲುವತ್ತಾರು, ಚೆಂಡು ನಮ್ಮದು. ನಮ್ಮ ರೈಹಾನಾ ಎಸೆದ ಪಾಸು ಅಂಕಣದ ಆಚೆ ಮೂಲೆಯಲ್ಲಿದ್ದ ಪ್ರಾಪ್ತಿಯ ಕೈಗೆ ಬಂತು. ಅವಳು ತಿರುಗಿ ಎಸೆದಳು. ಚೆಂಡು ಬುಟ್ಟಿಯ ಬಳೆಗೆ ತಾಗದೆ ಬಲೆಯೊಳಗೆ ಇಳಿಯಿತು. ನಾವೆಲ್ಲ ಎದ್ದು ಕುಣಿದೆವು. ಕುಣಿತದ ನಡುವೆ ಸೀಟಿಯೊಂದು ಕೇಳಿಸಿತು. ಅದು ಚೆಂಡು ಅವಳ ಕೈ ಬಿಡುವ ಮೊದಲೇ ಊದಿದ್ದಾಗಿತ್ತು. ರೆಫ್ರಿ ಗೆರೆಯ ಹತ್ತಿರ ಬಂದು ಬಗ್ಗಿ, ಒಂದು ಬೆರಳಿನಲ್ಲಿ ನೆಲ ತೋರಿಸಿದರು. ಕಾಲು ಗೆರೆಯ ಮೇಲಿತ್ತು, ಬಾಸ್ಕೆಟ್ ಲೆಕ್ಕಕ್ಕಿಲ್ಲ. ಒಂದು ಅಂಕದಲ್ಲಿ ಸೋತೆವು.

ರೆಫ್ರಿ ಬಿಳಿ ಕೂದಲಿನ, ಶಾಂತ ಸ್ವಭಾವದ ಹಿರಿಯರು. ಅವರು ಸೀಟಿಯನ್ನು ಕಿಸೆಗೆ ಹಾಕುವಷ್ಟರಲ್ಲಿ ಭಾವನವರು ಅವರ ಮುಂದೆ ನಿಂತಿದ್ದರು.

“ನೀವು ಗೆರೆಯಿಂದ ಎಷ್ಟು ದೂರದಲ್ಲಿದ್ರಿ?”

“ಹತ್ತಿರವೇ ಇದ್ದೆ.”

“ಹತ್ತಿರ ಅಂತ ಅಳತೆ ಇಲ್ಲ. ಎಷ್ಟು ಮೀಟರ್?”

“ಮೂರು ಮೀಟರ್ ಇರಬಹುದು.”

“ಇರಬಹುದು ಅಂತ ಬರೀಲಿಕ್ಕೆ ಆಗ್ತದಾ? ಅದಿರಲಿ. ಗಡಿ ಕಲ್ಲು ಯಾವತ್ತೂ ಎರಡೂ ಕಡೆಯವರಿಗೆ ಸೇರಿದ್ದು. ಅರ್ಧ ಗೆರೆ ಹೊರಗಿನದಾದ್ರೆ ಅರ್ಧ ಒಳಗಿನದು. ಅವಳ ಕಾಲು ಯಾವ ಅರ್ಧದಲ್ಲಿತ್ತು?”

“ಬಾಸ್ಕೆಟ್‌ಬಾಲಿನಲ್ಲಿ ಗೆರೆ ಪೂರ್ತಿ ಹೊರಗೆ, ಸರ್.”

“ಯಾವ ಕಾಯ್ದೆ ಪ್ರಕಾರ?”

“ಆಟದ ಕಾಯ್ದೆ. ಆ ಹುಡುಗಿ ನಿಮಗೆ ಎಂತ ಆಗ್ಬೇಕು?”

“ಅದು ಈ ಪ್ರಕರಣಕ್ಕೆ ಸಂಬಂಧಪಟ್ಟದ್ದಲ್ಲ” ಎಂದರು ಭಾವನವರು.

ಇನ್ನು ಹಮೀದಾಕನ ಪರಿಚಯ ಮಾಡಿಸಬೇಕು. ಬಿ.ಸಿ.ರೋಡಿನಲ್ಲಿ ಕೊಡೆ ಮತ್ತು ಶಾಲಾ ಬ್ಯಾಗಿನ ಅಂಗಡಿ ಇಟ್ಟವರು, ಪಾಸು ಎಸೆದ ರೈಹಾನಾಳ ತಂದೆ, ಭಾವನವರ ಬಾಸ್ಕೆಟ್‌ಬಾಲ್ ಸಂಗಾತಿ. ಅವರಿಗೂ ರೆಫ್ರಿಯ ಮೇಲೆ ದೂರು ಇತ್ತು, ಆದರೆ ಅದು ಬೇರೆಯೇ ದೂರು: ಹಿಂದಿನ ನಿಮಿಷದಲ್ಲಿ ಗಡಿಯಾರ ನಿಲ್ಲಿಸಲು ತಡಮಾಡಿ ಎರಡು ಸೆಕೆಂಡು ತಿಂದುಬಿಟ್ಟರು ಎಂದು. “ನಿಮ್ಮದು ಜಾಗದ ಕೇಸು, ನನ್ನದು ಟೈಮಿನ ಕೇಸು” ಎಂದು ಅವರೇ ವಿಂಗಡಿಸಿದ್ದರು. ಪಂದ್ಯವನ್ನು ಅವರು ಮೊಬೈಲಿನಲ್ಲಿ ಹಿಡಿದಿದ್ದರು ಕೂಡ. ಭಾವನವರು ಆಸೆಯಿಂದ ನೋಡಿದರು. ಕೊನೆಯ ನಾಲ್ಕು ಸೆಕೆಂಡಿನಲ್ಲಿ ಮೊದಲು ಆಕಾಶ, ಆಮೇಲೆ ಹಮೀದಾಕನ ಎಡಗಾಲಿನ ಚಪ್ಪಲಿ ಕಾಣಿಸಿತು.

“ಕುಣಿಯುವಾಗ ಮೊಬೈಲ್ ಸ್ವಲ್ಪ ಆಚೀಚೆ ಆಯ್ತು ಸರ್ವೆಯರ್ರೆ” ಎಂದರು ಹಮೀದಾಕ.

ಅಲ್ಲಿಂದ ಹೋಟೆಲಿಗೆ ಹೋದೆವು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾನು ಈ ವಿಷಯದಲ್ಲಿ ಕೊಂಚ ಸಡಿಲ; ಭಾವನವರು ಪಂಚಾಂಗದ ನಿಮಿಷ ನೋಡಿ ತಟ್ಟೆ ಸರಿಸುವವರು. ಅಂದು ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಬಾಕಿಯಿತ್ತು, ಧಾರಾಳ ಸಮಯ. ಇಡ್ಲಿ ಬಂತು. ಭಾವನವರು ಐದು ಇಡ್ಲಿಗಳನ್ನು ನಮ್ಮ ತಂಡವೆಂದು ಮೇಜಿನ ಮೇಲೆ ನಿಲ್ಲಿಸಿದರು. ಬೆಳ್ತಂಗಡಿಯವರಿಗಾಗಿ ಐದು ವಡೆ ತರಿಸಿದರು. ಚಮಚ ಗೆರೆ, ಚಟ್ನಿಯ ಬಟ್ಟಲು ಬುಟ್ಟಿ, ರೆಫ್ರಿಯ ಜಾಗದಲ್ಲಿ ಒಂದು ಬನ್ಸ್. ಇಡ್ಲಿಗಳು ಮುಂದೆ ಸರಿದವು, ವಡೆಗಳು ಹಿಂದೆ ಸರಿದವು. ಪ್ರತಿಯೊಂದು ಸರಿದಾಟಕ್ಕೂ ಹಮೀದಾಕನ ಆಕ್ಷೇಪ, ಆಕ್ಷೇಪಕ್ಕೆ ಭಾವನವರ ಉತ್ತರ. ಕೊನೆಯ ಸೆಕೆಂಡು ಬರುವ ಹೊತ್ತಿಗೆ ನಾನು ಕಿಟಕಿಯ ಹೊರಗೆ ನೋಡಿದೆ. ಸೂರ್ಯ ಮುಳುಗಿ ಎರಡು ನಿಮಿಷವಾಗಿತ್ತು.

ಭಾವನವರು ಐದು ಇಡ್ಲಿಗಳನ್ನೂ ತಟ್ಟೆಗೆ ಹಾಕಿ ನೂಕಿದರು. ಅವರ ಮುಂದೆ ನಾನು ಸಡಿಲವಾಗುವುದು ಹೇಗೆ? ನಾನೂ ನೂಕಿದೆ. ಹಮೀದಾಕ ಮಾತ್ರ ರೆಫ್ರಿಯನ್ನು ಚಟ್ನಿಗೆ ಅದ್ದಿ ತಿಂದರು.

“ಇವರಿಂದ ಇಷ್ಟಾದ್ರೂ ಉಪಕಾರ ಆಯ್ತಲ್ಲ” ಎಂದರು.

ಪಕ್ಕದ ಮೇಜಿನಲ್ಲಿ ರೈಹಾನಾ ನಕ್ಕಳು. ಪ್ರಾಪ್ತಿ ನಗಲಿಲ್ಲ. ಅವಳ ತಟ್ಟೆಯೂ ತುಂಬಿಯೇ ಇತ್ತು. ಅವಳದು ಸೂರ್ಯನಿಗೆ ಸಂಬಂಧಿಸಿದ್ದಲ್ಲ ಎಂದು ಆಗಲೇ ನನಗೆ ತಿಳಿಯಬೇಕಿತ್ತು.

ಮನೆಗೆ ಮರಳುವ ಬಸ್ಸಿನಲ್ಲಿ ಆಗಲೇ ಸುದ್ದಿ ನಮ್ಮನ್ನು ದಾಟಿ ಮುಂದೆ ಹೋಗಿತ್ತು. ಕಂಡಕ್ಟರ್ ಟಿಕೆಟ್ ಹರಿಯುತ್ತ ಹಮೀದಾಕನನ್ನು ಕೇಳಿದ: “ಒಂದು ಪಾಯಿಂಟಿಗೆ ಸೋತದ್ದಂತೆ, ಹೌದಾ ಕಾಕ? ಯಾವುದು ಮಾರಾಯ್ರೆ ಆ ಹುಡುಗಿ, ಕಣ್ಣು ಎಲ್ಲಿಟ್ಟಿದ್ದು? ಅಷ್ಟು ದೊಡ್ಡ ಬಿಳಿ ಗೆರೆ ಕಾಣುವುದಿಲ್ಲವಾ?”

ಆ ಹುಡುಗಿ ಅವನ ಮೊಣಕೈಯ ಪಕ್ಕದ ಸೀಟಿನಲ್ಲೇ ಇದ್ದಳು. ಕಿಟಕಿಯ ಕಡೆ ಮುಖ ತಿರುಗಿಸಿದಳು. ಭಾವನವರು ಎದ್ದು ನಿಂತರು. ಬಸ್ಸು ತಿರುವಿನಲ್ಲಿತ್ತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯನ್ನು ನ್ಯಾಯಾಲಯದಲ್ಲಿ ಎತ್ತುವಂತೆ ಎತ್ತಿದರು.

“ಗೆರೆ ತುಳಿದದ್ದು ಅಂತ ಯಾರು ಹೇಳಿದ್ದು? ಅಳತೆ ಆಗಿದೆಯಾ? ಮಹಜರು ಆಗಿದೆಯಾ?”

ಕೈಕಂಬ ಬರುವ ಹೊತ್ತಿಗೆ ಇಡೀ ಬಸ್ಸು ಎರಡು ಪಕ್ಷವಾಗಿತ್ತು. ಮೀನಿನ ಬುಟ್ಟಿ ಹಿಡಿದ ಹೆಂಗಸೊಬ್ಬಳು ಮಾತ್ರ ತಟಸ್ಥಳಾಗಿದ್ದಳು, ಅದೂ ಅವಳಿಗೆ ಯಾವ ಆಟವೆಂದು ತಿಳಿಯದ ಕಾರಣಕ್ಕೆ.

ಮುಂದಿನ ಎರಡು ತಿಂಗಳು ಬಂಟ್ವಾಳ ತಾಲೂಕಿನಲ್ಲಿ ಈ ಪ್ರಕರಣ ತಿಳಿಯದವರು ಯಾರೂ ಉಳಿಯಲಿಲ್ಲ. ಭಾವನವರು ಟೂರ್ನಮೆಂಟಿನ ಸಮಿತಿಗೆ ತಕರಾರು ಅರ್ಜಿ ಬರೆದರು: ನಾಲ್ಕು ಪುಟ, ಎರಡು ನಕ್ಷೆ. ಒಂದೇ ಸಾಲಿನ ಉತ್ತರ ಬಂತು, ರೆಫ್ರಿಯ ತೀರ್ಮಾನವೇ ಅಂತಿಮ ಎಂದು. ಭಾವನವರು ಅದನ್ನು ಓದಿ ಕನಿಕರದಿಂದ ನಕ್ಕರು. “ಅಂತಿಮ ಅಂತ ತಹಶೀಲ್ದಾರ್ರೂ ಬರೀತಾರೆ. ಅವರ ಮೇಲೆ ಎ.ಸಿ. ಇಲ್ವಾ? ಎ.ಸಿ.ಯ ಮೇಲೆ ಡಿ.ಸಿ. ಇಲ್ವಾ? ಬಾಸ್ಕೆಟ್‌ಬಾಲಿಗೆ ಒಬ್ಬ ಡಿ.ಸಿ. ಇರಲೇಬೇಕು. ಹುಡುಕುವ.”

ಬೆಳ್ತಂಗಡಿಯಲ್ಲಿ ಒಂದು ಮದುವೆಗೆ ಹೋದೆವು. ಗೆದ್ದ ಊರು, ಬಾಯಿ ಮುಚ್ಚಿಕೊಂಡಿರಿ ಎಂದು ಅಕ್ಕ ಕಾರಿನಲ್ಲೇ ಮಾತು ತೆಗೆದುಕೊಂಡಿದ್ದಳು. ಭಾವನವರು ಬಾಯಿ ಮುಚ್ಚಿಯೇ ಇದ್ದರು, ಎಲೆಗೆ ಪಾಯಸ ಬೀಳುವವರೆಗೆ. ಪಾಯಸ ಹರಿದು, ಎಲೆಯ ನಡುವಿನ ದಿಂಡನ್ನು ದಾಟಿ, ಪಲ್ಯದ ಕಡೆಗೆ ಹೋಯಿತು. ಭಾವನವರು ಪಕ್ಕದವರಿಗೆ ಅದನ್ನು ತೋರಿಸಿ ಗಂಭೀರವಾಗಿ ಕೇಳಿದರು: “ನೋಡಿ, ಗೆರೆ ದಾಟಿತು. ಯಾರಾದ್ರೂ ಸೀಟಿ ಊದಿದ್ರಾ?”

ಪಕ್ಕದವರು ಬೆಳ್ತಂಗಡಿಯ ಹಳೆಯ ಕುಳ. ತಲೆ ಎತ್ತದೆ ಹೇಳಿದರು: “ಪಾಯಸ ದಾಟಿದ್ರೆ ಊದುವ ಕ್ರಮ ಇಲ್ಲ ಸರ್. ನೆಕ್ಕುವ ಕ್ರಮ ಉಂಟು.”

ಕುಮ್ಕಿ ವಾದ ಹುಟ್ಟಿದ್ದು ಇದರ ನಂತರ. ನಮ್ಮ ಜಿಲ್ಲೆಯಲ್ಲಿ ಕುಮ್ಕಿ ಎಂಬ ಹಕ್ಕಿದೆ: ನಿಮ್ಮ ಜಮೀನಿನ ಗಡಿಗೆ ತಾಗಿ ಸರಕಾರಿ ಜಾಗವಿದ್ದರೆ ಅದು ನಿಮ್ಮದಲ್ಲ, ಆದರೆ ಅಲ್ಲಿಂದ ನೀವು ಸೊಪ್ಪು ಸೌದೆ ತರಬಹುದು. ಹಾಗೆಯೇ ಅಂಕಣದ ಗೆರೆಗೆ ತಾಗಿದ ಹೊರಜಾಗ ಆಟಗಾರ್ತಿಯ ಕುಮ್ಕಿ. ಅಲ್ಲಿ ಬೇಲಿ ಹಾಕುವ ಹಾಗಿಲ್ಲ, ಕಾಲಿಡುವುದಕ್ಕೆ ಅಡ್ಡಿಯಿಲ್ಲ. ಇದನ್ನು ಭಾವನವರು ಹಮೀದಾಕನ ಅಂಗಡಿಯಲ್ಲಿ, ನೇತುಹಾಕಿದ ಕೊಡೆಗಳ ಕೆಳಗೆ, ಒಂದು ಗಂಟೆ ವಿವರಿಸಿದರು. ಗಿರಾಕಿಯೊಬ್ಬರು ಅರ್ಧ ಬಿಚ್ಚಿದ ಕೊಡೆಯನ್ನು ಹಾಗೆಯೇ ಹಿಡಿದುಕೊಂಡು ಪೂರ್ತಿ ಕೇಳಿದರು. ಹಮೀದಾಕ ಎಲ್ಲ ಕೇಳಿ ಯೋಚಿಸಿ ಹೇಳಿದರು: “ಪಾಯಿಂಟ್ ಉಂಟು ಸರ್ವೆಯರ್ರೆ. ಆದ್ರೆ ಕುಮ್ಕಿಯಿಂದ ಸೊಪ್ಪು ತರ್ಲಿಕ್ಕೆ ಮಾತ್ರ ಹಕ್ಕು. ಬಾಸ್ಕೆಟ್ ಹಾಕ್ಲಿಕ್ಕೆ ಇಲ್ಲ.”

ಊರಿಗೆ ಇದೊಂದು ತಮಾಷೆ. ನನಗೂ ತಮಾಷೆಯೇ, ಸುಳ್ಳು ಯಾಕೆ ಹೇಳಲಿ. ಭಾವನವರು ಬೀದಿಗಿಳಿದರೆ “ಗೆರೆ ಎಲ್ಲಿಗೆ ಬಂತು ಸರ್?” ಎಂದು ಜನ ಕೇಳುವರು, ಅವರು ನಿಂತು ಪ್ರಾಮಾಣಿಕವಾಗಿ ಉತ್ತರಿಸುವರು. ಆ ಹುಡುಗಿ ಯಾರು, ಕಣ್ಣು ಎಲ್ಲಿಟ್ಟಿದ್ದಳು ಎಂದು ಕೇಳುವುದನ್ನು ಜನ ಯಾವಾಗಲೋ ಮರೆತಿದ್ದರು. ನಗುವುದಕ್ಕೆ ಅಪ್ಪನೇ ಸಿಕ್ಕಿರುವಾಗ ಮಗಳನ್ನು ಯಾರು ಹುಡುಕುತ್ತಾರೆ?

ಮರೆಯದವಳು ಮಗಳೊಬ್ಬಳೇ. ಪರೀಕ್ಷೆ ಮುಗಿದು ಹೊಸ ವರ್ಷದ ಅಭ್ಯಾಸ ಶುರುವಾಗುವ ಹೊತ್ತಿಗೆ ಅಕ್ಕ ನನಗೆ ಫೋನ್ ಮಾಡಿದಳು. “ಶೂ ಅಟ್ಟಕ್ಕೆ ಹಾಕಿದ್ದಾಳೆ. ಈ ವರ್ಷ ಆಡುವುದಿಲ್ಲ ಅಂತ ಮೇಸ್ಟ್ರಿಗೆ ಹೇಳಿ ಬಂದಳಂತೆ. ಕೊನೇ ವರ್ಷ ಮಾರಾಯ, ಇನ್ನು ಎಲ್ಲಿ ಆಡುವುದು? ಸ್ವಲ್ಪ ಬಂದು ಮಾತಾಡು.”

ನಾನು ಹೋದೆ. ಚಾವಡಿಯಲ್ಲಿ ಭಾವನವರು ಎರಡನೆಯ ಅರ್ಜಿಯ ಐದನೆಯ ಪುಟದಲ್ಲಿದ್ದರು. ಪ್ರಾಪ್ತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಒಂದು ಶೂ ಇತ್ತು.

“ಅಪ್ಪ, ಇನ್ನು ಬರೀಬೇಡಿ. ರೆಫ್ರಿ ಹೇಳಿದ್ದು ಸರಿ. ನನ್ನ ಕಾಲು ಗೆರೆ ಮೇಲೆಯೇ ಇತ್ತು.”

“ನಿನಗೆ ಹೇಗೆ ಗೊತ್ತು? ನೀನು ಬುಟ್ಟಿ ನೋಡ್ತಿದ್ದೆ.”

ಅವಳು ಶೂವನ್ನು ಅರ್ಜಿಯ ಪಕ್ಕದಲ್ಲಿ ಇಟ್ಟಳು. ತುದಿಯಲ್ಲಿ, ಬೆರಳಿನ ಉಗುರಿನಷ್ಟು ಜಾಗದಲ್ಲಿ, ಬಿಳಿ ಬಣ್ಣ ಹತ್ತಿತ್ತು.

“ಹೊಸ ಬಣ್ಣ. ಒಣಗಿರಲಿಲ್ಲ. ಹೋಟೆಲಿನಲ್ಲಿ ಇಡ್ಲಿ ಆಡಿಸ್ತಿದ್ರಲ್ಲ, ಆಗಲೇ ನೋಡಿದೆ. ಎಲ್ಲರೂ ಇಡೀ ವರ್ಷ ಆಡಿದ್ದನ್ನು ನಾನು ಒಂದು ಕಾಲಿನಲ್ಲಿ ಕಳೆದೆ. ಅಷ್ಟೇ ಅಪ್ಪ. ಇದರಲ್ಲಿ ಬೇರೆಯವರದ್ದು ತಪ್ಪಿಲ್ಲ.”

ಭಾವನವರು ಶೂವನ್ನು ಕೈಗೆತ್ತಿಕೊಂಡರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಸಾಕ್ಷ್ಯವನ್ನು ತಳ್ಳಿಹಾಕುವ ಮನುಷ್ಯ ಅವರಲ್ಲ. ಇನ್ನು ಈ ಪ್ರಕರಣ ಮುಗಿಯಿತು ಎಂದುಕೊಂಡೆ. ಅವರು ಶೂವನ್ನು ಕೆಳಗಿಟ್ಟು ಹೇಳಿದರು: “ಹಾಗಾದ್ರೆ ಗೆರೆಯನ್ನೇ ಅಳೀಬೇಕು.”

“ಗೆರೆಯನ್ನಾ?” ಎಂದೆ.

“ಕಾಲು ಗೆರೆ ಮೇಲಿತ್ತು, ಒಪ್ಪಿದೆ. ಗೆರೆ ಅದರ ಜಾಗದಲ್ಲಿತ್ತು ಅಂತ ಯಾರು ಹೇಳಿದ್ದು? ಕೈಯಲ್ಲಿ ಎಳೆದ ಗೆರೆ. ಅದು ನಾಲ್ಕು ಬೆರಳು ಒಳಗೆ ಬಂದಿದ್ರೆ ಇವಳ ಕಾಲು ನ್ಯಾಯವಾಗಿ ಅಂಕಣದ ಒಳಗೇ. ಭಾನುವಾರ ಹೋಗುವ.”

ಪ್ರಾಪ್ತಿ ಶೂವನ್ನು ತೆಗೆದುಕೊಂಡು ಒಳಗೆ ಹೋದಳು. ಅಟ್ಟದ ಮೇಲೆ ಅದು ಬಿದ್ದ ಸದ್ದು ಕೇಳಿಸಿತು.

ಮಳೆ ಹಿಡಿಯುವ ಮೊದಲಿನ ಆ ಭಾನುವಾರ ಮಧ್ಯಾಹ್ನ ಮೂರು ಜನ ಮೂಡಬಿದಿರೆಗೆ ಹೋದೆವು. ಭಾವನವರು ಅಳತೆಗೆ, ನಾನು ಮತ್ತು ಹಮೀದಾಕ ಪಂಚರಾಗಿ, ಅಂದರೆ ಅಳತೆ ನೋಡಿ ರುಜು ಹಾಕುವ ಸಾಕ್ಷಿಗಳಾಗಿ. ಭಾವನವರು ಸೇವೆಯಲ್ಲಿದ್ದಾಗಿನ ಖಾಕಿ ಟೊಪ್ಪಿ ಹಾಕಿದ್ದರು. ಮೂವತ್ತು ಮೀಟರಿನ ಉಕ್ಕಿನ ಟೇಪು, ಸೀಮೆಸುಣ್ಣ, ನಕ್ಷೆಯ ಹಲಗೆ. ರಜೆಯ ಮೈದಾನದಲ್ಲಿ ಒಬ್ಬ ಕಾವಲುಗಾರ ಬಿಟ್ಟರೆ ಯಾರೂ ಇರಲಿಲ್ಲ. ಟೇಪು ಬಿಚ್ಚುವುದನ್ನು ನೋಡಿ ಅವನ ಮುಖ ಬಿಳಿಚಿತು.

“ಎಂತ ಸರ್ ಸರ್ವೆ? ಹೈವೇ ಇಲ್ಲಿಂದಲೂ ಹೋಗ್ತದಾ?”

“ಸದ್ಯಕ್ಕೆ ಇಲ್ಲ” ಎಂದರು ಭಾವನವರು.

‘ಸದ್ಯಕ್ಕೆ’ ಎಂಬ ಮಾತು ಸಾಕಾಯಿತು. ಹತ್ತು ನಿಮಿಷದಲ್ಲಿ ಸ್ಕೂಟರಿನಲ್ಲಿ ಕ್ಯಾಂಟೀನಿನವರು ಓಡಿಬಂದರು. ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು.

“ನನ್ನ ಕ್ಯಾಂಟೀನು ಗೆರೆಯ ಒಳಗಾ ಹೊರಗಾ ಸರ್?”

“ಹೊರಗೆ. ಕುಮ್ಕಿಯಲ್ಲಿ ಬರ್ತದೆ.”

“ಪರಿಹಾರ ಸಿಗ್ತದಾ?”

“ಸೊಪ್ಪು ಸಿಗ್ತದೆ” ಎಂದರು ಹಮೀದಾಕ.

ಕ್ಯಾಂಟೀನಿನವರನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಅಳತೆ ಶುರುವಾಯಿತು. ಅಂಕಣದ ಅಗಲ ಹದಿನೈದು ಮೀಟರ್ ಇರಬೇಕು. ಈಚೆ ಗೆರೆಯ ಮೇಲೆ ನಾನು ಟೇಪಿನ ಸೊನ್ನೆಯನ್ನು ಒತ್ತಿ ಹಿಡಿದೆ. ಭಾವನವರು ಆಚೆ ಮೂಲೆಗೆ, ಅವಳು ನಿಂತಿದ್ದ ಜಾಗಕ್ಕೆ ಹೋಗಿ ಮೊಣಕಾಲೂರಿದರು. ಸರ್ವೆಯವರು ಅಳತೆಯನ್ನು ಕೂಗಿ ಹೇಳಬೇಕು, ಅದು ಪದ್ಧತಿ. ಭಾವನವರು ಕೂಗಿದರು:

“ಹದಿನೈದು, ಸೊನ್ನೆ ಸೊನ್ನೆ.”

ಇನ್ನೊಮ್ಮೆ ಹಿಡಿ ಎಂದರು. ಹಿಡಿದೆ.

“ಹದಿನೈದು. ಸೊನ್ನೆ ಸೊನ್ನೆ.” ಈ ಸಲ ಸ್ವರ ಸ್ವಲ್ಪ ಕೆಳಗಿತ್ತು.

ಮೂರನೆಯ ಸಲ ಅಳೆದಾಗ ಅವರು ಏನೂ ಕೂಗಲಿಲ್ಲ. ಗೆರೆಯ ಪಕ್ಕದಲ್ಲೇ ಕಾದ ಸಿಮೆಂಟಿನ ಮೇಲೆ ಕುಳಿತರು. ಟೊಪ್ಪಿ ತೆಗೆದು ಪಕ್ಕದಲ್ಲಿಟ್ಟರು. ಆ ಬಿಳಿ ಗೆರೆಯ ಮೇಲೆ ಬೆರಳಾಡಿಸಿದರು, ಮಲಗಿದ ದನದ ಬೆನ್ನು ಸವರುವ ಹಾಗೆ. ಅಷ್ಟು ಚೊಕ್ಕವಾದ ಗೆರೆ. ಬೇರೆ ದಿನವಾಗಿದ್ದರೆ ಅದನ್ನು ಎಳೆದವನ ಹೆಸರು ಕೇಳಿ ಬೆನ್ನು ತಟ್ಟಿ ಬರುತ್ತಿದ್ದರು. ಆಮೇಲೆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಮುಗಿಸಿ ನನ್ನ ಕಡೆಗೆ ಚಾಚಿದರು.

ನಕ್ಷೆಯಲ್ಲಿ ಅಂಕಣದ ಅಗಲ ಹದಿನಾಲ್ಕು ಮೀಟರ್ ತೊಂಬತ್ತೆರಡು ಸೆಂಟಿಮೀಟರ್ ಎಂದಿತ್ತು. ಷರಾ: ‘ಪೂರ್ವದ ಗೆರೆಯು ನಾಲ್ಕು ಬೆರಳಷ್ಟು ಒಳಕ್ಕೆ ಸರಿದಿರುವುದು ಕಂಡುಬಂದಿದೆ.’

“ಭಾವ, ನೀವು ಹದಿನೈದು ಅಂತ ಕೂಗಿದ್ರಿ.”

“ಪಂಚರು ಮಾತಾಡುವ ಹಾಗಿಲ್ಲ” ಎಂದರು ಅವರು, ನನ್ನ ಮುಖ ನೋಡದೆ. “ರುಜು ಹಾಕು.”

ಮೂರು ತೆಂಗಿನಮರಗಳು ನನ್ನ ಕಣ್ಣ ಮುಂದೆ ಬಂದವು. ಹತ್ತು ವರ್ಗಾವಣೆಗಳು, ಬಗ್ಗದ ಗೆರೆ, ಈಚೆ ಬಾರದ ಬಾವಿ. ಮಾವನಿಗಾಗಿ ಬಗ್ಗದ, ಮೇಲಿನವರಿಗಾಗಿ ಬಗ್ಗದ ಗೆರೆ ಅಲ್ಲಿ, ಆ ಬಿಸಿಲಿನಲ್ಲಿ, ನಾಲ್ಕು ಬೆರಳು ಸರಿದಿತ್ತು. ನಾನು ರುಜು ಹಾಕಿದೆ. ಹಮೀದಾಕ ನಕ್ಷೆಯನ್ನು ನೋಡಲೂ ಇಲ್ಲ. “ಪಾಸು ಕೊಟ್ಟದ್ದು ನನ್ನ ಮಗಳಲ್ವಾ” ಎಂದು ಕೆಳಗೆ ತಮ್ಮ ಹೆಸರು ಬರೆದರು.

ಮನೆಯಲ್ಲಿ ಭಾವನವರು ನಕ್ಷೆಯನ್ನು ಮಗಳ ಕೈಗೆ ಕೊಟ್ಟು, “ನಿನ್ನ ಕಾಲು ಸರಿ ಇತ್ತು ಮಗಾ. ಗೆರೆ ತಪ್ಪಿತ್ತು. ಅಳತೆ ಆಗಿದೆ” ಎಂದಷ್ಟೇ ಹೇಳಿ ಹಿತ್ತಿಲಿಗೆ ಹೋದರು. ಪ್ರಾಪ್ತಿ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳು ಏನಾದರೂ ಕೇಳಿಬಿಟ್ಟರೆ ಎಂದು ನಾನು ಗೋಡೆಯ ಕ್ಯಾಲೆಂಡರನ್ನು ಓದತೊಡಗಿದೆ, ಹೋದ ತಿಂಗಳಿನದ್ದನ್ನು. ಅವಳು ಕೇಳಲಿಲ್ಲ. ಮಡಚಿ ಪುಸ್ತಕದೊಳಗೆ ಇಟ್ಟಳು. ಮರುದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು: ಶೂ ಅಟ್ಟದಿಂದ ಇಳಿದಿದೆ.

ಭಾವನವರು ಆಮೇಲೆ ಆ ಪ್ರಕರಣದ ಮಾತೆತ್ತಲಿಲ್ಲ. ‘ಇತ್ಯರ್ಥವಾಗಿದೆ’ ಎಂದರು. ಊರಿನವರಿಗೆ ಬಹಳ ನಿರಾಸೆಯಾಯಿತು.

ಈ ವರ್ಷದ ಟೂರ್ನಮೆಂಟೂ ಅದೇ ಅಂಕಣದಲ್ಲಿ ನಡೆಯಿತು. ಮತ್ತೆ ಬೆಳ್ತಂಗಡಿಯವರೇ ಎದುರು. ಈ ಸಲ ನಾವು ಹನ್ನೊಂದು ಅಂಕಗಳಿಂದ ಸೋತೆವು. ಯಾವ ವಿವಾದಕ್ಕೂ ಆಸ್ಪದವಿಲ್ಲದ, ಸ್ವಚ್ಛವಾದ, ದಾಖಲೆಗೆ ಯೋಗ್ಯವಾದ ಸೋಲು. ಪ್ರಾಪ್ತಿ ಹತ್ತೊಂಬತ್ತು ಅಂಕ ಹಾಕಿದಳು. ಹಮೀದಾಕ ಗಡಿಯಾರದಲ್ಲಿ ತಪ್ಪು ಹುಡುಕಿ ಸಿಗದೆ ಬೇಸರದಿಂದ ಟೀ ಕುಡಿಯಲು ಹೋದರು. ಅದೇ ಬಿಳಿ ಕೂದಲಿನ ರೆಫ್ರಿ ಭಾವನವರನ್ನು ದೂರದಿಂದಲೇ ಕಂಡು ಕೈ ಮುಗಿದರು, ಬೇರೆ ಬಾಗಿಲಿನಿಂದ ಹೊರಟುಹೋದರು.

ಜನ ಚೆದುರಿದ ಮೇಲೆ ನೋಡಿದರೆ, ಪ್ರಾಪ್ತಿ ಒಬ್ಬಳೇ ಅಂಕಣದ ಅಡ್ಡಕ್ಕೆ ಹಿಮ್ಮಡಿಗೆ ತುದಿ ತಾಗಿಸಿ ಹೆಜ್ಜೆಯಿಡುತ್ತ ಹೋಗುತ್ತಿದ್ದಳು. ಆ ಹಳೆಯ ಶೂವೇ. ತುದಿಯ ಬಿಳಿ ಇನ್ನೂ ಹೋಗಿರಲಿಲ್ಲ. ಆಚೆ ಗೆರೆ ಮುಟ್ಟಿ ನನ್ನ ಕಡೆ ತಿರುಗಿದಳು.

“ಸರಿಯಾಗಿ ಹದಿನೈದು ಮೀಟರ್ ಉಂಟು ಮಾವ.”

ಪಂಚರು ಮಾತಾಡುವ ಹಾಗಿಲ್ಲ.

“ನಕ್ಷೆ ಕೊಟ್ಟ ದಿನವೇ ನನಗೆ ಗೊತ್ತಾಯ್ತು. ಹದಿನೈದು ಅಂತ ಬರೆದು, ಅದರ ಮೇಲೆ ತಿದ್ದಿದ್ರು. ಬೆಳಕಿಗೆ ಹಿಡಿದ್ರೆ ಕಾಣ್ತದೆ. ಅಪ್ಪ ತಿದ್ದಿದ ಇನ್ನೊಂದು ನಕ್ಷೆ ನಾನು ಈವರೆಗೆ ನೋಡಿಲ್ಲ.”

“ಗೊತ್ತಿದ್ದೂ ಆಡ್ಲಿಕ್ಕೆ ಹೋದದ್ದಾ?”

“ಮತ್ತೆ? ಅಪ್ಪ ಅಷ್ಟು ಮಾಡಿದ ಮೇಲೆ ಮನೆಯಲ್ಲಿ ಕೂತ್ಕೊಳ್ಳಿಕ್ಕೆ ಆಗ್ತದಾ?” ಒಂದು ಕ್ಷಣ ನೆಲ ನೋಡಿದಳು. “ನೀವು ಅವರಿಗೆ ಹೇಳ್ಬೇಡಿ ಮಾವ.”

ಅಷ್ಟರಲ್ಲಿ ಭಾವನವರು ಬುತ್ತಿಯ ಡಬ್ಬಿ ಹಿಡಿದು ಅಂಕಣದ ಅಂಚಿಗೆ ಬಂದರು. “ಸೂರ್ಯ ಮುಳುಗ್ಲಿಕ್ಕೆ ಹನ್ನೆರಡು ನಿಮಿಷ ಉಂಟು. ಬೇಗ ತಿನ್ನು” ಎಂದರು. ಅವಳು ಡಬ್ಬಿ ತೆಗೆದುಕೊಂಡು ಕೆಳಗೆ ನೋಡಿ ನಕ್ಕಳು.

“ಅಪ್ಪ, ನೀವು ಗೆರೆ ಮೇಲೆ ನಿಂತಿದ್ದೀರಿ.”

ಭಾವನವರೂ ಕೆಳಗೆ ನೋಡಿದರು. ಕಾಲು ತೆಗೆಯಲಿಲ್ಲ.

“ಅದು ಸರಿಯಾದ ಗೆರೆ ಅಲ್ಲ ಮಗಾ. ನಾಲ್ಕು ಬೆರಳು ಒಳಗೆ ಉಂಟು.”

“ಹೌದಪ್ಪ, ಗೊತ್ತುಂಟು” ಎಂದಳು ಅವಳು, ಮೊದಲ ತುತ್ತು ಬಾಯಿಗಿಡುತ್ತ.

ಆ ಮನೆಯ ದಾಖಲೆಯಲ್ಲಿ ಇದು ಎರಡನೆಯ ಸುಳ್ಳು. ಇದಕ್ಕೂ ಸಾಕ್ಷಿ ನಾನೇ.